ಸಿರಿಂಜಿನಷ್ಟು ಉಪ್ಪುನೀರು

ಒರೂರೊ ಪಟ್ಟಣದ ಕಾರ್ನಿವಲ್ ಮೆರವಣಿಗೆಗೆ ಇನ್ನು ಐದೇ ದಿನಗಳಿದ್ದವು. ಓಣಿ ಓಣಿಯಲ್ಲಿ ಕಹಳೆಯವರ ತಾಲೀಮು ನಡೆದಿತ್ತು. ಆ ಸದ್ದಿಗೆ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಗಾಜುಗಳೂ ನಡುಗುತ್ತಿದ್ದವು. ಡಾಕ್ಟರ್ ಬೆನೆದಿಕ್ತಾ ಚೋಕೆಯ ಕಿವಿಗೆ ಅದೊಂದೂ ಬೀಳಲಿಲ್ಲ. ಅವಳ ಕಣ್ಣೆಲ್ಲ ಹೀಟರಿನ ಮುಂದೆ ಬೆಚ್ಚಗಾಗುತ್ತಿದ್ದ ಉಪ್ಪುನೀರಿನ ಬಾಟಲಿಯ ಮೇಲಿತ್ತು.

ಮಂಚದ ಮೇಲೆ ಮಲಗಿದ್ದ ದೋನ್ಯಾ ಕಸಿಲ್ದಾ ಸಂತೆಯಲ್ಲಿ ಒಣಗಿಸಿದ ಆಲೂಗಡ್ಡೆ ಮಾರುವವಳು, ವಯಸ್ಸು ಐವತ್ತಾರು. ಮುಟ್ಟು ನಿಂತು ಆರು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ಹದಿಮೂರು ಮಿಲಿಮೀಟರ್ ದಪ್ಪ ಕಂಡಿತು. ಆ ವಯಸ್ಸಿಗೆ ನಾಲ್ಕು ದಾಟಬಾರದು. ಅಂದಾಜಿನ ಮೇಲೆ ಕೆರೆದು ತೆಗೆದ ಚೂರಿನಿಂದ ಏನೂ ತಿಳಿಯಲಿಲ್ಲ. ಕೊನೆಗೆ, ಕ್ಯಾನ್ಸರ್ ಇರಬಹುದೆಂಬ ಶಂಕೆಯಿಂದ, ಶಸ್ತ್ರವೈದ್ಯ ಉರ್ಕಿದಿಯವರು ಗುರುವಾರ ಗರ್ಭಕೋಶವನ್ನೇ ತೆಗೆದುಬಿಡುವುದೆಂದು ಗೊತ್ತುಮಾಡಿದ್ದರು. ಕಸಿಲ್ದಾಗೆ ಸಿಡಿಲೆರಗಿದಂತಾಯಿತು. ಊರು ಕಾಯುವ ದೇವಿ ಗಣಿಯ ಮಾತೆಗೆ ಮೂರು ವರ್ಷ ಕಾರ್ನಿವಲ್ ಮೆರವಣಿಗೆಯಲ್ಲಿ ಕುಣಿಯುವೆನೆಂದು ಅವಳು ಹರಕೆ ಹೊತ್ತಿದ್ದಳು. ಎರಡು ಸಂದಿದ್ದವು, ಮೂರನೆಯದು ಈ ಶನಿವಾರ.

ಪದರವೆಲ್ಲ ದಪ್ಪಗಿದೆಯೋ, ಅಥವಾ ಒಂದೇ ಒಂದು ಗಂಟು ನಡುವೆ ಕುಳಿತು ಹಾಗೆ ಕಾಣಿಸುತ್ತಿದೆಯೋ? ಒಳಗೆ ಕೊಂಚ ನೀರು ಬಿಟ್ಟು ಗೋಡೆಗಳನ್ನು ಅಗಲಿಸಿದರೆ ತಿಳಿಯುತ್ತದೆ ಎಂದು ಬೆನೆದಿಕ್ತಾ ವಾದಿಸಿದ್ದಳು. ಆ ಆಸ್ಪತ್ರೆಯಲ್ಲಿ ಯಾರೂ ಮಾಡದ ಪರೀಕ್ಷೆ ಅದು. ಅದಕ್ಕೆ ಬೇಕಾದ ನಳಿಕೆಯೂ ಇರಲಿಲ್ಲ; ಎಳೆಕೂಸುಗಳಿಗೆ ಹಾಲುಣಿಸುವ ಸಣ್ಣ ನಳಿಕೆಗಳೆರಡನ್ನು ಮಕ್ಕಳ ವಾರ್ಡಿನಿಂದ ಬೇಡಿ ತಂದಿದ್ದಳು. ಉರ್ಕಿದಿಯವರು ಹತ್ತು ನಿಮಿಷ ಕೊಟ್ಟು, ಕುರ್ಚಿ ಮುಟ್ಟದೆ ನಿಂತೇ ಇದ್ದರು.

ನಳಿಕೆ ಒಳಸೇರಿತು. ಸ್ಕ್ಯಾನಿಂಗ್ ಕಡ್ಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಸಿರಿಂಜನ್ನೊತ್ತಿದಳು. ಮರುಕ್ಷಣವೇ ಪರದೆಯ ತುಂಬ ಬಿಳಿ ಕಿಡಿಗಳು ಚೆಲ್ಲಾಡಿದವು.

"ಏನಿದು, ಒಳಗೂ ಕಾರ್ನಿವಲ್ ಶುರುವಾಯ್ತಾ?" ಎಂದು ಉರ್ಕಿದಿಯವರು ನಕ್ಕರು.

"ಹಾಗಿದ್ದಿದ್ರೆ ನಾನು ಇಲ್ಯಾಕೆ ಮಲಗಿರ್ತಿದ್ದೆ, ಡಾಕ್ಟ್ರೇ," ಎಂದಳು ಕಸಿಲ್ದಾ, ಮಂಚದಿಂದಲೇ.

ಬೆನೆದಿಕ್ತಾಗೆ ಮರುಗಳಿಗೆಯಲ್ಲೇ ಹೊಳೆಯಿತು: ಅವು ಗಾಳಿಯ ಗುಳ್ಳೆಗಳು. ಅವಸರದಲ್ಲಿ ನಳಿಕೆಯಲ್ಲಿ ನೀರು ಹರಿಸಿ ಗಾಳಿ ಹೊರಡಿಸುವುದನ್ನೇ ಅವಳು ಮರೆತಿದ್ದಳು. ತಪ್ಪು ತನ್ನದೆಂದು ಒಪ್ಪಿಕೊಂಡು ಇನ್ನೊಂದು ಅವಕಾಶ ಕೇಳಿದಳು. ಉರ್ಕಿದಿಯವರು ಗಡಿಯಾರ ನೋಡಿ, ನಾಲ್ಕು ನಿಮಿಷವಿದೆಯೆಂದರು.

ಎರಡನೆಯ ನಳಿಕೆಯಲ್ಲಿ, ತುದಿಯಿಂದ ಹನಿ ತೊಟ್ಟಿಕ್ಕುವವರೆಗೆ ನೀರು ಹರಿಸಿ ಒಳಸೇರಿಸಿದಳು. ಈ ಸಲ ಮೆಲ್ಲಮೆಲ್ಲನೆ ಒತ್ತಿದಳು. ಪರದೆಯ ನಡುವೆ ಕಪ್ಪು ಗೆರೆಯೊಂದು ಬಿರಿಯಿತು, ಅಗಲವಾಯಿತು, ಪುಟ್ಟ ಕೊಳವಾಯಿತು. ಕೊಳದ ನಡುವೆ ಬಟಾಣಿಯಷ್ಟು ದೊಡ್ಡ ಬೆಳವಣಿಗೆಯೊಂದು ಸಣ್ಣ ತೊಟ್ಟಿನಿಂದ ಜೋತು, ನೀರು ನೂಕಿದಾಗಲೆಲ್ಲ ಓಲಾಡುತ್ತಿತ್ತು. ರಕ್ತದ ಹರಿವು ತೋರುವ ಬಣ್ಣದ ಚಿತ್ರಕ್ಕೆ ಬದಲಿಸಿದಳು: ತೊಟ್ಟಿನೊಳಕ್ಕೆ ಒಂದೇ ಒಂದು ರಕ್ತನಾಳ ಹರಿಯುತ್ತಿತ್ತು. ಸುತ್ತಲಿನ ಗೋಡೆಗಳು ಎಳೆಯ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಿದ್ದವು.

ಉರ್ಕಿದಿಯವರು ಕುರ್ಚಿ ಎಳೆದುಕೊಂಡು ಕುಳಿತರು. ಮತ್ತೊಮ್ಮೆ ಒತ್ತಲು ಹೇಳಿದರು, ಒತ್ತಿದಳು. ಒಂದು ಗೋಡೆ, ಇನ್ನೊಂದು ಗೋಡೆ ಎಂದು ತಾವೇ ಅಳೆದರು: ಒಂದೂವರೆ, ಒಂದೂವರೆ. ಕೂಡಿದರೆ ಮೂರು. ಕಸಿಲ್ದಾ ಕೈ ಮುಷ್ಟಿಗಟ್ಟಿ ಅವರ ಮುಖವನ್ನೇ ನೋಡುತ್ತಿದ್ದಳು.

"ಗರ್ಭಕೋಶ ತೆಗೆಯೋ ಮಾತು ಈಗ ಬೇಡ," ಎಂದರು ಅವರು ಕೊನೆಗೆ. "ಇದೊಂದನ್ನೇ ತೆಗೆದು ಪರೀಕ್ಷೆಗೆ ಕಳಿಸೋಣ. ಫಲಿತಾಂಶ ಬರೋವರೆಗೂ ನಾನೇನೂ ಭರವಸೆ ಕೊಡಲ್ಲ. ಆದ್ರೆ ನೋಡಿದ್ರೆ ಕೆಟ್ಟದ್ದು ಅನ್ನಿಸ್ತಿಲ್ಲ."

"ಹಂಗಾದ್ರೆ ಶನಿವಾರ?"

ಅವರು ರಕ್ತಪರೀಕ್ಷೆಯ ಚೀಟಿ ನೋಡಿ, ಮೈಯಲ್ಲಿ ರಕ್ತ ಕಮ್ಮಿಯಾಗಿಲ್ಲವೆಂದು ಖಚಿತಪಡಿಸಿಕೊಂಡರು. "ಕುಣೀರಿ. ಹಬ್ಬ ಮುಗಿದ ವಾರ ಇಲ್ಲಿರ್ಬೇಕು. ಬರದಿದ್ರೆ ನಿಮ್ಮ ಅಂಗಡಿ ಮುಂದೆ ಬಂದು ಕೂತ್ಕೊಳ್ತೀನಿ."

"ಬನ್ನಿ, ಒಂದು ಮೂಟೆ ಮಾರಿಕೊಟ್ಟು ಹೋಗಿ."

ಅವಳು ಒಂದರ ಮೇಲೊಂದು ಲಂಗ ಸುತ್ತಿಕೊಂಡು, ತಾಲೀಮಿಗೆ ತಡವಾಯಿತೆನ್ನುತ್ತ ಹೊರಬಿದ್ದಳು. ಉರ್ಕಿದಿಯವರು ಮಾತ್ರ ಏಳಲಿಲ್ಲ. ಈ ತಿಂಗಳ ತಮ್ಮ ಪಟ್ಟಿಯಲ್ಲಿ ಇಂಥವರೇ ಇನ್ನೂ ಮೂವರಿದ್ದಾರೆಂದು ಹೇಳಿ, ನಾಳೆ ಎಷ್ಟು ಹೊತ್ತಿಗೆ ಕಳಿಸಲೆಂದು ಬೆನೆದಿಕ್ತಾಳನ್ನು ಕೇಳಿದರು.