ಊಟಕ್ಕೆ ಕೂತ ಐವರು

"ಗಂಡ ಬಂದಿದ್ದನ್ನ ಹೇಳ್ಲೇ ಇಲ್ವಲ್ಲೇ ಗುಲ್ಸೂನ್," ಎಂದು ಪಕ್ಕದ ಬೀದಿಯ ಹೆಂಗಸು ಚಿತ್ರದತ್ತ ಗಲ್ಲ ಎತ್ತಿ ನಕ್ಕಳು.

ನರೀನ್ ಪಟ್ಟಣದ ಸಭಾಭವನದಲ್ಲಿ ಮಕ್ಕಳ ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದರು. ನಡುವಿನದು ಗುಲ್ಸೂನಳ ಮಗಳು, ಹತ್ತು ವರ್ಷದ ಬೆಗಿಮಾಯ್ ಬರೆದದ್ದು. ಚೌಕಟ್ಟಿನ ಗಾಜಿನ ಮೂಲೆಗೆ ಮೊದಲ ಬಹುಮಾನದ ಚೀಟಿ ಅಂಟಿಸಿದ್ದರು. ನೆಲಕ್ಕೆ ಹಾಸಿದ ಊಟದ ಬಟ್ಟೆ, ರೊಟ್ಟಿ ಮುರಿಯುತ್ತಿರುವ ಅಜ್ಜಿ, ಚಹಾ ಬಗ್ಗಿಸುತ್ತಿರುವ ಅಮ್ಮ, ತಮ್ಮ, ತಾನು. ಐದನೆಯ ಕೆಂಪು ಹಾಸಿನ ಮೇಲೆ, ಬಿಳಿ ಉಣ್ಣೆಟೋಪಿಯ ಮೀಸೆಯ ಗಂಡಸೊಬ್ಬ ಹಲ್ಲು ಕಾಣುವಂತೆ ನಗುತ್ತ ಕೂತಿದ್ದ.

ಬೆಗಿಮಾಯ್ ಅವನನ್ನು ಬರೆದಿರಲಿಲ್ಲ.

ಅಪ್ಪ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೆ, ಆಮೇಲೆ ಅದೂ ಇಲ್ಲ. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಊಟಕ್ಕೆ ಕೂರುವಾಗ ಅವನ ಜಾಗ ಬಿಟ್ಟು ಕೂರುತ್ತಿದ್ದರು, ಅಷ್ಟೆ. ಬೆಗಿಮಾಯ್ ಬಾಯಿಬಿಟ್ಟು ಮಾತಾಡುವುದೇ ಅಪರೂಪ. ಶನಿವಾರದ ಚಿತ್ರದ ತರಗತಿಗೆ ಸೇರಿದ ಮೇಲೆ ಅವಳಿಗೆ ಹೇಳಲು ಒಂದು ದಾರಿ ಸಿಕ್ಕಿತ್ತು.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಕಲ್ಲಿದ್ದಲಿನ ಒಲೆಯ ಸುತ್ತ ಆ ತರಗತಿ ನಡೆಸುತ್ತಿದ್ದವಳು ಸಾಯ್ರಾ. ಮಕ್ಕಳಿಗೆ ಅವಳು ಅಕ್ಕ. ಕುರಿಯ ಕಾಲು ಬರೆಯಲು ಬರುತ್ತಿಲ್ಲ, ಬರೆದುಕೊಡಿ ಎಂದು ಯಾರಾದರೂ ಗೋಗರೆದರೆ, ಹೋಗಿ ಕುರಿಯನ್ನೇ ನೋಡಿಕೊಂಡು ಬಾ ಎನ್ನುತ್ತಿದ್ದಳು. ನಿಮ್ಮ ಕಾಗದದ ಮೇಲೆ ಇನ್ನೊಬ್ಬರ ಕೈ ಬೀಳಕೂಡದು, ನನ್ನದೂ ಸಹ, ಎನ್ನುವುದು ಅವಳ ಕಟ್ಟುನಿಟ್ಟು. ಹಸಿರು ಕುದುರೆ ಬರೆದವಳನ್ನು ನೋಡಿ ಉಳಿದವರು ನಕ್ಕಾಗ, ಅದರ ಹೆಸರೇನು ಎಂದು ಗಂಭೀರವಾಗಿ ಕೇಳಿದ್ದಳು.

ಐದನೆಯ ಹಾಸಿನ ಕೆಂಪನ್ನು ಹದಕ್ಕೆ ತರಲು ಬೆಗಿಮಾಯ್‌ಗೆ ಮೂರು ಶನಿವಾರ ಹಿಡಿಯಿತು. ಅದರ ಮೇಲೆ ಯಾರೂ ಇರಲಿಲ್ಲ. ಕೂತೆದ್ದ ಗುರುತಿನ ಹಾಗೆ ನಡುವೆ ಒಂದು ತಗ್ಗು, ಅಷ್ಟೆ. ಸಾಯ್ರಾ ಪಕ್ಕದಲ್ಲಿ ಮಂಡಿಯೂರಿ ಬಹಳ ಹೊತ್ತು ನೋಡಿದ್ದಳು.

"ಇಲ್ಲೇನೂ ತುಂಬ್ಬೇಡ ಪುಟ್ಟಿ. ಯಾರು ಹೇಳಿದ್ರೂ ತುಂಬ್ಬೇಡ."

ಅಂದು ಹುಡುಗಿ ಹಿಮ ತುಳಿಯುತ್ತ ಮನೆಯವರೆಗೂ ಓಡಿದ್ದಳು.

ಸಭಾಭವನದಲ್ಲಿ ಗುಲ್ಸೂನ್ ನೆರೆಯವಳಿಗೆ ಬೆನ್ನು ತಿರುಗಿಸಿದಳು. ಮುಖ ಕೆಂಪೇರಿ, ಮಗಳ ಭುಜ ಬಿಗಿಹಿಡಿದು, ಊರವರ ಮುಂದೆ ಈ ಸುಳ್ಳು ಯಾಕೆ ಬೇಕಿತ್ತು ಎಂದು ಕಿವಿಯಲ್ಲಿ ಕೇಳಿದಳು. ಬೆಗಿಮಾಯ್ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ, ಅಪ್ಪನನ್ನು ಹೆತ್ತವಳು, ಜನರನ್ನು ಸರಿಸಿಕೊಂಡು ಬಂದು ಗಾಜಿನ ಮೇಲೆ ಅಂಗೈ ಇಟ್ಟಳು.

"ನನ್ ಮಗ," ಎಂದಳು. "ನಗ್ತಿದಾನೆ ನೋಡು. ನೀನಾದ್ರೂ ಅವನ್ನ ಮನೇಗೆ ಕರ್ಕೊಂಡು ಬಂದ್ಯಲ್ಲ ಕಂದಾ."

ಭುಜದ ಮೇಲಿನ ಅಮ್ಮನ ಕೈ ಸಡಿಲವಾಯಿತು. ಅವನನ್ನು ಬರೆದದ್ದು ನಾನಲ್ಲ ಎನ್ನಲು ತೆರೆದಿದ್ದ ಬಾಯನ್ನು ಬೆಗಿಮಾಯ್ ಮುಚ್ಚಿಕೊಂಡಳು.

ಸಾಯ್ರಾ ಕೋಟುಗಳನ್ನು ನೇತುಹಾಕುವ ಮೂಲೆಯಲ್ಲಿ ಒಬ್ಬಳೇ ನಿಂತಿದ್ದಳು. ಬೆಗಿಮಾಯ್ ಎದುರು ಬಂದು ನಿಂತಾಗ, ಕೇಳುವ ಮೊದಲೇ ಹೇಳತೊಡಗಿದಳು. ಗ್ರಂಥಾಲಯದವರು ಕೋಣೆಯನ್ನು ಬೇರೆಯವರಿಗೆ ಕೊಡುವವರಿದ್ದರು, ಬಹುಮಾನ ಬಂದರೆ ಮಾತ್ರ ತರಗತಿ ಉಳಿಯುತ್ತದೆ ಎಂದಿದ್ದರು. ಸ್ಪರ್ಧೆಯ ವಿಷಯ ಸುಖಿ ಕುಟುಂಬ. ಹಾಸನ್ನು ಖಾಲಿ ಬಿಟ್ಟು ಕಳಿಸಿದ್ದರೆ ತೀರ್ಪುಗಾರರು ಪಕ್ಕಕ್ಕಿಡುತ್ತಿದ್ದರು. ಇಪ್ಪತ್ತೆರಡು ಮಕ್ಕಳು ಎಲ್ಲಿಗೆ ಹೋಗಬೇಕಿತ್ತು? ಈಗ ಕೋಣೆ ಉಳಿಯಿತು ಎಂದಳು.

"ಅಪ್ಪ ಟೋಪಿ ಹಾಕ್ತಾನೇ ಇರ್ಲಿಲ್ಲ," ಎಂದಳು ಬೆಗಿಮಾಯ್.

ಸಾಯ್ರಾ ಮುಖ ತಿರುಗಿಸಿ ಚಿತ್ರದ ಕಡೆ ನೋಡಿದಳು.

"ನನ್ನ ಒಂದ್ ಮಾತು ಕೇಳ್ಬಹುದಿತ್ತು ಅಕ್ಕ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಹುಡುಗಿ ತನ್ನ ಕೋಟನ್ನು ಹುಡುಕಿ ತೆಗೆದುಕೊಂಡು ಹೊರಗೆ ನಡೆದಳು.

ಪ್ರದರ್ಶನ ಮುಗಿದ ಮೇಲೆ ಅಜ್ಜಿ ತಾನೇ ಹೋಗಿ ಚಿತ್ರವನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದಳು. ಊಟದ ಕೋಣೆಯ ಗೋಡೆಗೆ ಮೊಳೆ ಹೊಡೆಸಿದಳು. ಮನೆಗೆ ಬಂದವರಿಗೆಲ್ಲ ಮೊದಲು ಅದನ್ನು ತೋರಿಸಿ, ಆಮೇಲೆ ಚಹಾ ಕೊಡುತ್ತಿದ್ದಳು. ಗುಲ್ಸೂನ್ ಆ ಗೋಡೆಯ ಕಡೆ ನೋಡದೆ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡಳು. ಆ ಗಂಡಸನ್ನು ಬರೆದವರು ಯಾರೆಂದು ಬೆಗಿಮಾಯ್ ಯಾರಿಗೂ ಹೇಳಲಿಲ್ಲ.

ಶನಿವಾರ ಅಜ್ಜಿಯೇ ಅವಳಿಗೆ ಸ್ಕಾರ್ಫ್ ಸುತ್ತಿ, ಬಹುಮಾನ ತಂದ ಮೊಮ್ಮಗಳು ತರಗತಿ ತಪ್ಪಿಸಬಾರದೆಂದು ಹೊರಡಿಸಿದಳು. ತರಗತಿಯ ಕೋಣೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಬೆಗಿಮಾಯ್ ಕಿಟಕಿಯ ಪಕ್ಕ ಕೂತು, ನೀಲಿ ಕಲಸಿ, ಎಲ್ಲರ ಹಾಗೆ ಬರೆಯತೊಡಗಿದಳು. ಸಾಯ್ರಾ ಒಬ್ಬೊಬ್ಬರ ಬಳಿಯೂ ನಿಲ್ಲುತ್ತ ಆ ಸಾಲಿಗೆ ಬಂದಳು. ಹೆಜ್ಜೆ ಹತ್ತಿರವಾದಾಗ ಹುಡುಗಿ ಕುಂಚ ಕೆಳಗಿಟ್ಟು, ಹಸಿಯಾಗಿದ್ದ ಕಾಗದವನ್ನು ಮೇಜಿನ ಮೇಲೆ ಕವುಚಿ ಹಾಕಿ, ಎರಡೂ ಅಂಗೈಗಳನ್ನು ಅದರ ಮೇಲೆ ಊರಿ ಕೂತಳು. ಕಾಗದದ ಅಂಚಿನಿಂದ ನೀಲಿ ನೀರು ಮೆಲ್ಲಗೆ ಹೊರಬಂದು ಮೇಜಿನ ಮರದ ಮೇಲೆ ಹರಡತೊಡಗಿತು.