ರೆಕ್ಕೆಗೆ ಕಚ್ಚಿಕೊಂಡ ರಾಕೆಟ್

ಡ್ರೋವರ್ ಹಡಗನ್ನು ಅಮೆರಿಕದಲ್ಲಿ ಸರಕು ಹೊರಲೆಂದು ಕಟ್ಟಲು ಶುರುಮಾಡಿದ್ದರು. ಯುದ್ಧದ ಅವಸರದಲ್ಲಿ ಅದರ ನೆತ್ತಿಯ ಮೇಲೆ ಉದ್ದನೆಯ ಚಪ್ಪಟೆ ಡೆಕ್ಕು ಹೊದಿಸಿ, ಹದಿನೈದು ವಿಮಾನ ಹೇರಿ, ಬ್ರಿಟಿಷ್ ನೌಕಾಪಡೆಗೆ ಒಪ್ಪಿಸಿಬಿಟ್ಟರು. ರಷ್ಯಾಕ್ಕೆ ಹೋಗುವ ಸರಕು ಹಡಗುಗಳ ಹಿಂಡನ್ನು ಜರ್ಮನ್ ಜಲಾಂತರ್ಗಾಮಿಗಳಿಂದ ಕಾಯುವುದು ಅದರ ಕೆಲಸ. ತಗಡಿನ ಮೈ, ಹೊಟ್ಟೆ ತುಂಬ ಪೆಟ್ರೋಲು. ಒಂದು ಕಿಡಿ ಬಿದ್ದರೆ ಎಂಟುನೂರು ಜನಕ್ಕೂ ಒಂದೇ ಚಿತೆ ಎಂದು ನಾವಿಕರೇ ಆಡಿಕೊಳ್ಳುತ್ತಿದ್ದರು.

ಆ ಡೆಕ್ಕಿನ ಹಿಂತುದಿಯಲ್ಲಿ ಎರಡು ಹಳದಿ ಬ್ಯಾಟು ಹಿಡಿದು ನಿಲ್ಲುವವನು ಹೆಡ್ಲಿ ಟ್ರೆಗೆಂಜಾ. ಇಳಿಯುವ ವಿಮಾನಕ್ಕೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ಕೈಯಲ್ಲೇ ಹೇಳಬೇಕು. ಎರಡೂ ಬ್ಯಾಟು ತಲೆಯ ಮೇಲೆ ಬೀಸಿದರೆ 'ಇಳಿಯಬೇಡ, ಸುತ್ತಿ ಬಾ' ಎಂದು ಅರ್ಥ. ಜನವರಿಯಲ್ಲಿ ಅವನು ಹಾಗೆ ಬೀಸಿದ್ದ. ಸುತ್ತಿ ಬರಹೊರಟ ವಿಮಾನದ ಎಂಜಿನ್ ನಿಂತು, ಅದರಲ್ಲಿದ್ದ ಮೂವರೂ ಸಮುದ್ರದ ಪಾಲಾದರು. ಅವನದೇನೂ ತಪ್ಪಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನ ಎದೆ ಮಾತ್ರ ಆ ತೀರ್ಮಾನವನ್ನು ಒಪ್ಪಲಿಲ್ಲ. ಅಂದಿನಿಂದ ಎಂಜಿನ್ ಸದ್ದು ಕೇಳಿದರೆ ಸಾಕು, ಮೊಣಕಾಲು ನಡುಗುತ್ತಿತ್ತು.

ಸಾವಿರದ ಒಂಬೈನೂರ ನಲವತ್ತನಾಲ್ಕರ ಮಾರ್ಚ್, ನಡುಮಧ್ಯಾಹ್ನ. ಹೆಡ್ಲಿ ಬಿಸಿ ಕೋಕೋ ತುಟಿಗಿಡುವಷ್ಟರಲ್ಲಿ ಕ್ಯಾಪ್ಟನ್ ಫೆನ್‌ವಿಕ್‌ನಿಂದ ಫೋನು ಬಂತು.

"ರೆನಿಕ್ ವಿಮಾನ ತಗೊಂಡು ವಾಪಸ್ ಬರ್ತಿದಾನೆ. ಜಲಾಂತರ್ಗಾಮಿ ಮೇಲೆ ರಾಕೆಟ್ ಬಿಟ್ಟಿದಾನೆ. ಎಲ್ಲಾ ಹೋಗಿವೆ, ಒಂದು ಮಾತ್ರ ಎಡರೆಕ್ಕೆ ಕೆಳಗೆ ಸಿಕ್ಕಾಕ್ಕೊಂಡಿದೆಯಂತೆ."

ಹೆಡ್ಲಿ ಡೆಕ್ಕಿನ ಮುಂತುದಿಯತ್ತ ನೋಡಿದ. ವಿಮಾನ ಕೆಳಗಿಳಿಸುವ ಲಿಫ್ಟು ಹಿಮ ಕಟ್ಟಿ ಕೆಟ್ಟಿದ್ದರಿಂದ, ಪೆಟ್ರೋಲು ತುಂಬಿದ ಐದು ವಿಮಾನ ಅಲ್ಲೇ ನಿಂತಿದ್ದವು. ಇಳಿಯುವ ವಿಮಾನದ ಬಾಲದ ಕೊಕ್ಕೆ ಡೆಕ್ಕಿನ ತಂತಿಗೆ ಸಿಕ್ಕಿ ಗಕ್ಕನೆ ನಿಂತಾಗ ರಾಕೆಟ್ ಕಳಚಿಕೊಂಡರೆ, ನೇರ ಅವುಗಳ ಮೇಲೇ.

"ನೀರಲ್ಲೇ ಇಳಿಸೋಕೆ ಹೇಳ್ಲಾ?" ಎಂದ ಕ್ಯಾಪ್ಟನ್. "ನಿನ್ನ ಕೈಲಾಗುತ್ತೆ ಅಂದ್ರೆ ಮಾತ್ರ ಡೆಕ್ಕು. ಜಲಾಂತರ್ಗಾಮಿ ಇನ್ನೂ ಇಲ್ಲೇ ಎಲ್ಲೋ ಇದೆ. ಅವನನ್ನ ಇಳಿಸೋಕೆ ಅಂತ ಹಡಗನ್ನ ಗಾಳಿಗೆ ಎದುರಾಗಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಸಲ್ಲ."

ಆ ನೀರಿಗೆ ಬಿದ್ದವರು ಐದು ನಿಮಿಷ ಬದುಕಿದರೆ ಹೆಚ್ಚು. "ಡೆಕ್ಕಿಗೇ ಕಳ್ಸಿ ಸರ್" ಎಂದ ಹೆಡ್ಲಿ. ಹೇಳಿದವನು ತಾನೇನಾ ಎಂದು ಅವನಿಗೇ ಅನುಮಾನ.

ತಡೆತಂತಿ ನೋಡಿಕೊಳ್ಳುವ ಗ್ರಿಬಲ್ ಲಿವರ್‌ಪೂಲಿನಲ್ಲಿ ಟ್ರಾಮ್ ಓಡಿಸುತ್ತಿದ್ದ ನಡುವಯಸ್ಸಿನವನು. ಡೆಕ್ಕಿನ ಮೇಲಿದ್ದವರನ್ನೆಲ್ಲ ಕೆಳಗಟ್ಟಿ ತಾನು ಮಾತ್ರ ಉಳಿದ.

"ನೀನೂ ಹೋಗಯ್ಯಾ" ಎಂದ ಹೆಡ್ಲಿ.

"ಎಲ್ಲಿಗೆ ಹೋಗ್ಲಿ ಸರ್? ಕೆಳಗಡೆ ಪೆಟ್ರೋಲ್ ಟ್ಯಾಂಕು. ಸಾಯೋದಾದ್ರೆ ಗಾಳಿ ಕುಡ್ಕೊಂಡು ಸಾಯ್ತೀನಿ."

ಹಿಮದ ಪರದೆ ಸೀಳಿಕೊಂಡು ಎರಡು ಜೊತೆ ರೆಕ್ಕೆಯ ಹಳೇ ಸ್ವೋರ್ಡ್‌ಫಿಶ್ ವಿಮಾನ ಕಾಣಿಸಿತು. ಹತ್ತಿರ ಬಂತು, ಇನ್ನೂ ಹತ್ತಿರ. ಹೆಡ್ಲಿಯ ಕಾಲಡಿಯ ಡೆಕ್ಕು ಅಲೆಗೆ ಸಿಕ್ಕಿ ಮನೆಯೆತ್ತರ ಎದ್ದಿತು. ಈಗ ಇಳಿದರೆ ಚಕ್ರ ಮುರಿದು ಹೊಟ್ಟೆ ಒಡೆಯುತ್ತದೆ. ಬ್ಯಾಟು ಬೀಸಲೇಬೇಕು. ಬೀಸಿದರೆ? ಆ ಎಂಜಿನ್ನೂ ನಿಂತರೆ? ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ಕೈ ಕಲ್ಲಾಗಿತ್ತು. ಆಮೇಲೆ ಎರಡೂ ಬ್ಯಾಟು ತಲೆಯ ಮೇಲೆ ಬೀಸಿದ.

ವಿಮಾನ ಅಬ್ಬರಿಸುತ್ತ ತಲೆಯ ಮೇಲೇ ಹಾದು ಹಿಮದೊಳಗೆ ಕರಗಿತು. ಅದರ ಸದ್ದೂ ಕರಗಿತು.

"ಗ್ರಿಬಲ್, ಕೇಳಿಸ್ತಿದ್ಯಾ?"

"ಇಲ್ಲ ಸರ್."

ಹೆಡ್ಲಿ ಎಣಿಸತೊಡಗಿದ. ಅರವತ್ತಕ್ಕೆ ಏನೂ ಇಲ್ಲ. ನೂರಕ್ಕೂ ಇಲ್ಲ. ನೂರ ನಲವತ್ತು ದಾಟಿದ ಮೇಲೆ ಹಿಂದುಗಡೆಯಿಂದ ಕೆಮ್ಮಿದಂಥ ಎಂಜಿನ್ ಸದ್ದು ಬಂತು.

ಈ ಸಲ ಡೆಕ್ಕು ತಗ್ಗಿ, ಒಂದು ಕ್ಷಣ ತೊಟ್ಟಿಲು ನಿಂತಂತೆ ನಿಂತಿತು. "ಇಳಿ!" ಎಂದು ಹೆಡ್ಲಿ ಬ್ಯಾಟು ತಗ್ಗಿಸಿದ. ಕೊಕ್ಕೆ ಎರಡನೇ ತಂತಿಗೆ ಸಿಕ್ಕಿತು. ವಿಮಾನ ಜಗ್ಗಿ ನಿಂತಿತು. ರಾಕೆಟ್ ನಿಲ್ಲಲಿಲ್ಲ. ರೆಕ್ಕೆಯಡಿಯಿಂದ ಕಳಚಿ, ಹಿಮದ ಮೇಲೆ ಸೊರ್ರೆಂದು ಜಾರಿ, ನಿಂತ ವಿಮಾನಗಳ ಮುಂದೆ ಅಡ್ಡಕಟ್ಟಿದ್ದ ತಡೆಬಲೆಯ ಕೆಳಗೆ ನುಸುಳಿ, ಮೊದಲನೇ ವಿಮಾನದ ಚಕ್ರಕ್ಕೆ ಬಡಿದು ನಿಂತಿತು.

ಓಡಿದ್ದು ಹೆಡ್ಲಿಗೆ ನೆನಪಿಲ್ಲ. ಹೋಗಿ ಮುಟ್ಟುವಾಗ ಗ್ರಿಬಲ್ ಆಗಲೇ ಬಗ್ಗಿದ್ದ.

"ತಲೆ ಕಡೆ ನೀವು ಹಿಡೀರಿ ಸರ್. ನಂಗೆ ನಾಲ್ಕು ಮಕ್ಕಳು."

"ನಂಗೆ ಮದುವೇನೇ ಆಗಿಲ್ವಲ್ಲೋ!"

"ಅದಕ್ಕೇ ಹೇಳಿದ್ದು!"

ಇಬ್ಬರೂ ಆ ಭಾರವನ್ನು ಕೂಸಿನ ಹಾಗೆ ಎತ್ತಿ, ಹೆಜ್ಜೆ ಹೆಜ್ಜೆಗೂ ಜಾರುತ್ತ ಅಂಚಿಗೆ ಒಯ್ದು ಸಮುದ್ರಕ್ಕೆ ಬಿಟ್ಟರು. ಏನೂ ಆಗಲಿಲ್ಲ. ನೀರು ಗುಳಕ್ಕೆಂದಿತು, ಅಷ್ಟೆ.

ವಿಮಾನದಿಂದಿಳಿದ ರೆನಿಕ್‌ನ ಮುಖ ಸುಣ್ಣದಂತಾಗಿತ್ತು. "ಮೊದಲನೇ ಸಲ ಯಾಕಪ್ಪಾ ಅಟ್ಟಿದ್ದು? ಟ್ಯಾಂಕಲ್ಲಿ ಒಂದು ಲೋಟ ಪೆಟ್ರೋಲಿರಲಿಲ್ಲ!" ಎಂದು ಬೈದ. ಬೈದವನೇ ಹೆಡ್ಲಿಯನ್ನು ಬಿಗಿಯಾಗಿ ತಬ್ಬಿಕೊಂಡ.

ಸಂಜೆ ಕ್ಯಾಪ್ಟನ್ ಕರೆಸಿದ. "ನಿನ್ನ ಮೊಣಕಾಲು ನಡುಗೋದು ನಾನು ನೋಡಿದೀನಿ ಹೆಡ್ಲಿ. ಬೇಕಾದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಕಳಿಸಿ ಅಂತ ಮೇಲಿನವರಿಗೆ ಬರೀತೀನಿ. ನಾಚಿಕೆಪಡೋದೇನಿಲ್ಲ."

"ಬರೀರಿ ಸರ್. ಅವರು ಬರೋ ತನಕ ನಾನೇ ನಿಲ್ತೀನಿ."

ಬೇರೆಯವರು ಬರಲೇ ಇಲ್ಲ. ಆ ಹಿಂಡು ಒಂದೂ ಹಡಗು ಕಳೆದುಕೊಳ್ಳದೆ ರಷ್ಯಾ ಮುಟ್ಟಿತು. ಡ್ರೋವರ್ ಆಮೇಲೆ ಇನ್ನೂ ಆರು ಸಲ ಅದೇ ದಾರಿ ತುಳಿಯಿತು. ಆರೂ ಸಲ ಹೆಡ್ಲಿ ಅಲ್ಲೇ ನಿಂತ, ನಡುಗುತ್ತಲೇ.