ನೂರೈವತ್ತು ಪರ್ಸೆಂಟ್ ಕಣ್ಣು

ಆ ವಾರ ರಾಯದುರ್ಗದಲ್ಲಿ ಯಾರ ಕಣ್ಣಿಗೂ ದೋಷವಿರಲಿಲ್ಲ. ಹರೀಶ್ ಅವರ ಕನ್ನಡಕದ ಅಂಗಡಿಗೆ ಬಂದವರೆಲ್ಲ ಕೊನೆಯ ಸಾಲಿನವರೆಗೂ ಸರಾಗವಾಗಿ ಗುರುತಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಹೋಗಿದ್ದರು. ಇಡೀ ಊರಿನ ಕಣ್ಣು ಒಟ್ಟಿಗೆ ಸುಧಾರಿಸುವುದು ಸಾಧ್ಯವೇ ಎಂದು ಮೊದಲು ಅನುಮಾನಪಟ್ಟವಳು ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಅರ್ಚನಾ. ಕಂಪ್ಯೂಟರ್ ರಿಪೇರಿ ನನ್ನ ಕೆಲಸವಾದ್ದರಿಂದ ನನಗೆ ಫೋನ್ ಬಂತು.

ಅಂಗಡಿಯಲ್ಲಿ ಎರಡು ಪರದೆ. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್, ಎದುರು ಗೋಡೆಯಲ್ಲಿ ಹಳೆಯ ಮಾನಿಟರ್. ಗೋಡೆಯದರಲ್ಲಿ ಇಂಗ್ಲಿಷಿನ ಇ ಅಕ್ಷರ ನಾಲ್ಕು ದಿಕ್ಕಿಗೂ ತಿರುಗಿ, ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತ ಹೋಗುತ್ತದೆ. ಓದು ಬರದವರು ಅದರ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಹೊಸ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇರುವೆಯಷ್ಟು ಕಂಡಿದ್ದರಿಂದ ಹರೀಶ್ ಸೆಟ್ಟಿಂಗ್ಸ್ ತೆರೆದು ನೂರೈವತ್ತು ಪರ್ಸೆಂಟ್ ಒತ್ತಿದ್ದರು. ಆದರೆ ಅಲ್ಲಿ ಯಾವ ಪರದೆಯನ್ನು ಆರಿಸಿರುತ್ತೇವೋ ಅದರದೇ ಅಳತೆ ಬದಲಾಗುವುದು. ಆಗ ಆರಿಸಿದ್ದದ್ದು ಗೋಡೆಯ ಪರದೆ, ಉಬ್ಬಿದ್ದೂ ಅದೇ. ಲ್ಯಾಪ್‌ಟಾಪ್ ಬದಲಾಗಲಿಲ್ಲವೆಂದು ಅದನ್ನೂ ಆರಿಸಿ ಇನ್ನೊಮ್ಮೆ ಒತ್ತಿ, ಸರಿಹೋಯಿತು ಎಂದುಕೊಂಡಿದ್ದರು. ಇಂಥವರಿಂದಲೇ ನನ್ನ ಹೊಟ್ಟೆ ತುಂಬುತ್ತದೆ, ಆದರೂ ಸಿಟ್ಟು ಬರುತ್ತದೆ.

ಗೋಡೆಯದನ್ನು ನೂರಕ್ಕೆ ಇಳಿಸಿದೆ. ಅರ್ಚನಾ ಅಳತೆಪಟ್ಟಿಯನ್ನು ಪರದೆಗೆ ಹಿಡಿದು ದೊಡ್ಡ ಅಕ್ಷರವನ್ನು ಅಳೆದು, ಕೈಪಿಡಿಯ ಅಳತೆಗೆ ಸರಿಯಾಯಿತು ಅಂದಳು. ಮರುಕ್ಷಣವೇ ಅವಳ ಮುಖ ಬಾಡಿತು.

“ಉಜ್ಜಿನಮ್ಮನ್ನ ತಡೀಬೇಕ್ರಿ, ಇವತ್ತು ಬಸ್ ಹತ್ತತಾಳ,” ಎಂದು ಫೋನ್ ಎತ್ತಿಕೊಂಡಳು.

ಉಜ್ಜಿನಮ್ಮನ ಗಂಡ ಪಾಪಣ್ಣ ಗುಮ್ಮಘಟ್ಟಕ್ಕೆ ಶೇರ್ ಆಟೋ ಓಡಿಸುತ್ತಾನೆ. ಅವನ ಪಕ್ಕದ ಸೀಟಿನಲ್ಲಿ ಯಾವಾಗಲೂ ಅವಳೇ. ಮಡಕಶಿರಾದ ಆಚೆ ರೊಳ್ಳದಲ್ಲಿರುವ ಮಗಳು ಲಲಿತಾಗೆ ಎರಡನೆಯ ಹೆರಿಗೆಯಾಗಿತ್ತು. ಅತ್ತೆಯಿಲ್ಲದ ಮನೆ, ತಾಯಿಯೇ ಹೋಗಬೇಕು. ಹೋಗುವ ಮುಂಚೆ ಗಂಡನ ಕಣ್ಣು ನೋಡಿಸಬೇಕೆಂದು ಮೊನ್ನೆ ಅವನನ್ನು ಎಳೆದುಕೊಂಡು ಬಂದಿದ್ದಳು. ಕಣ್ಣು ಚೆನ್ನಾಗಿದೆ ಎಂದು ಅಂಗಡಿಯವರು, ಅಂದರೆ ನೂರೈವತ್ತು ಪರ್ಸೆಂಟ್, ಹೇಳಿ ಕಳಿಸಿದ್ದರು.

ಇಬ್ಬರೂ ಬ್ಯಾಗ್ ಸಮೇತ ಬಂದರು. ಪಾಪಣ್ಣ ಕುರ್ಚಿಯಲ್ಲಿ ಕೂತು ಗತ್ತಿನಿಂದ ಕೈ ಆಡಿಸತೊಡಗಿದ. ಮೂರನೆಯ ಸಾಲಿಗೆ ಬಂದಾಗ ಕೈ ಗಾಳಿಯಲ್ಲೇ ನಿಂತಿತು.

“ಮೊನ್ನೆ ಪೂರಾ ಕಂಡಿತ್ರಿ. ಈತ ಏನೋ ಮಾಡ್ಯಾನ,” ಎಂದು ನನ್ನತ್ತ ತಿರುಗಿದ. “ಸರಿ ಇದ್ದದ್ದನ್ನ ಕೆಡಿಸೋದಕ್ಕ ರಿಪೇರಿ ಅಂತಾರೇನು?”

ಗೋಡೆಯದನ್ನು ನೂರೈವತ್ತಕ್ಕೆ ಏರಿಸಿ ತೋರಿಸಿದೆ, ಮತ್ತೆ ನೂರಕ್ಕೆ ಇಳಿಸಿದೆ. ಅಕ್ಷರ ಉಬ್ಬಿ ಕುಗ್ಗುವುದನ್ನು ಅವನು ಮುಂದೆ ಬಾಗಿ ನೋಡಿದ.

“ದೊಡ್ಡದ ಇರ್ಲಿ ಬಿಡ್ರಿ,” ಅಂದ ಕೊನೆಗೆ.

“ರಸ್ತ್ಯಾಗ ನಿಂತ ಮಂದಿ ದೊಡ್ಡೋರಾಗಂಗಿಲ್ಲ,” ಅಂದಳು ಉಜ್ಜಿನಮ್ಮ. ಅವನನ್ನು ಎಬ್ಬಿಸಿ ತಾನು ಕೂತಳು. ಕೊನೆಯ ಸಾಲಿನವರೆಗೂ ಒಂದೂ ತಪ್ಪದೆ ಕೈ ತೋರಿಸಿ, ಅರ್ಚನಾಗೆ ಹೇಳಿದಳು: “ಇಷ್ಟು ವರ್ಷ ನಾನು ಪಕ್ಕದಾಗ ಕುಂತು ಅಲ್ಲಿ ಮಂದಿ ಐತಿ, ಇಲ್ಲಿ ಕುರಿ ಐತಿ ಅಂತ ಒದರಿದ್ದು ಯಾಕ ಅಂತ ಕೇಳ್ರಿ ಇವ್ರನ್ನ.”

ಪಾಪಣ್ಣ ನೆಲ ನೋಡಿದ. “ಜೋರು ಮಾಡ್ತಾಳ ಅನ್ಕೊಂಡಿದ್ದೆ,” ಅಂದ. “ಚಸ್ಮಾ ಹಾಕಿದ ಡ್ರೈವರ್ ಆಟೋಕ್ಕ ಯಾರು ಹತ್ತತಾರ್ರಿ?” ಎಂದು ಕೇಳಿದ.

“ಚಸ್ಮಾ ಇಲ್ದಾಗ ನಾನು ಹತ್ತಿಲ್ಲೇನು?”

ಪಾಪಣ್ಣ ಮತ್ತೆ ಕುರ್ಚಿಯಲ್ಲಿ ಕೂತ. ಅರ್ಚನಾ ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿಗೇರಿಸಿ ಗಾಜು ಬದಲಿಸುತ್ತ ಹೋದಳು. ಕೊನೆಯ ಸಾಲು ಮುಗಿಸಿ ಅವನು ಬೀದಿಯತ್ತ ನೋಡಿದ, ಆಮೇಲೆ ಹೆಂಡತಿಯತ್ತ.

“ಹಂಗಾದ್ರ ನೀ ಹೋಗ್ಬೋದು,” ಅಂದ. ಆ ದನಿಯಲ್ಲಿ ಸಂತೋಷವಿರಲಿಲ್ಲ.

ಅವತ್ತಿನ ಬಸ್ಸು ಉಜ್ಜಿನಮ್ಮನಿಲ್ಲದೆ ಹೋಯಿತು. ಕನ್ನಡಕ ಕೈಗೆ ಬರುವವರೆಗೆ ಅವನು ಆಟೋ ತೆಗೆಯಲಿಲ್ಲ, ಅವಳು ಊರು ಬಿಡಲಿಲ್ಲ. ಕನ್ನಡಕ ಬಂದ ಮರುದಿನ ಅವಳು ಮಗಳ ಊರಿಗೆ ಬಸ್ ಹತ್ತಿದಳು. ಉಳಿದವರನ್ನೆಲ್ಲ ವಾಪಸ್ ಕರೆಸುವ ಹೊತ್ತಿಗೆ ಹರೀಶ್ ಅವರ ಗಂಟಲು ಕಟ್ಟಿತ್ತು.

ಆಮೇಲೊಂದು ದಿನ ಗುಮ್ಮಘಟ್ಟದಲ್ಲಿ ಪ್ರಿಂಟರ್ ನೋಡುವ ಕೆಲಸ ಬಿದ್ದು ಪಾಪಣ್ಣನ ಆಟೋ ಹತ್ತಿದೆ. ಮೂಗಿನ ಮೇಲೆ ಕಪ್ಪು ಚೌಕಟ್ಟಿನ ಹೊಸ ಕನ್ನಡಕವಿತ್ತು. ಹಿಂದೆ ಜನ ಕಿಕ್ಕಿರಿದಿದ್ದರೂ ಅವನ ಪಕ್ಕ ಖಾಲಿ. ಅಲ್ಲಿಗೆ ಕಾಲಿಡಲು ಹೋದರೆ, “ಅಲ್ಲಿ ಬ್ಯಾಡ್ರಿ, ಹಿಂದ ಸರ್ಕೊಂಡು ಕುಂದರ್ರಿ,” ಅಂದ. ಯಾರದೋ ಮೊಣಕಾಲು ನನ್ನ ಬೆನ್ನಿಗೆ ಒತ್ತುತ್ತಿತ್ತು. ದಾರಿಯುದ್ದಕ್ಕೂ ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಊರು ದಾಟಿದ ಮೇಲೆ ದೂರದಲ್ಲಿ ಏನೋ ನಿಂತಂತೆ ಕಂಡಿತು. ಪಾಪಣ್ಣ ವೇಗ ಇಳಿಸಿ, ಪಕ್ಕದ ಸೀಟಿನ ಕಡೆ ವಾಲಿ, “ಮಂದೀನಾ?” ಎಂದು ಕೇಳಿದ.

ಅವನು ಬೆರಳಿನಿಂದ ಕನ್ನಡಕ ಮೇಲೆ ತಳ್ಳಿ, ಮುಂದೆ ನೋಡಿದ.

“ಕಂಬ,” ಎಂದು ತಾನೇ ಹೇಳಿಕೊಂಡ.

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಇನ್ನಷ್ಟು ಮುಂದೆ ಒಬ್ಬ ಮುದುಕಿ ಕೈ ಎತ್ತಿದಳು. ಅವನು ದೂರದಿಂದಲೇ ಕಂಡು ಆಟೋ ನಿಲ್ಲಿಸಿದ. ನಾವು ಹಿಂದಿದ್ದವರೆಲ್ಲ, ಹೇಳಿಸಿಕೊಳ್ಳದೆಯೇ, ಇನ್ನೊಂದಿಷ್ಟು ಸರಿದು ಕೂತೆವು.